ಅಜ್ಜಿ ಬಾಯಿ ತೆರೆದರೆ ಶಿಳ್ಳೆ

ಮಾರ್ಚ್ 4, ಮಧ್ಯಾಹ್ನ

ಸಕಲ ಶಬ್ದಸಾಮ್ರಾಜ್ಯದ ಅಧೀಶ್ವರಿ, ಪಿಸುಮಾತಿನ ಪರಮವೈರಿ, ‘ಆಂ? ಏನಂದೆ?’ ಬಿರುದಾಂಕಿತ, ನಮ್ಮಜ್ಜಿಯ ಎಡಗಿವಿಯ ಸನ್ನಿಧಾನಕ್ಕೆ ಮೊಮ್ಮಗಳು ಅಡ್ಡಬಿದ್ದು ಮಾಡುವ ಬಿನ್ನಹ. ಇತ್ತ ಎಲ್ಲರೂ ಕ್ಷೇಮ. ತಮ್ಮೊಳಗೆ ಇಂದು ಕಿವಿ ಮಷೀನು ಪ್ರತಿಷ್ಠಾಪನೆಗೊಂಡಿದ್ದು ತಿಳಿದು ಪರಮಾನಂದವಾಯಿತು. (ಬಲಗಿವಿ ಎಂದೋ ನಿವೃತ್ತಿ. ಅದಕ್ಕೆ ಪತ್ರವಿಲ್ಲ.)

ಹತ್ತು ದಿನದ ಹಿಂದೆ ಕಿವಿ ಆಸ್ಪತ್ರೆಯ ಮೇಡಂ ಅಜ್ಜಿಯ ಕಿವಿಯೊಳಗೆ ಗುಲಾಬಿ ಬಣ್ಣದ ಪೇಸ್ಟು ತುಂಬಿ ಅಚ್ಚು ತೆಗೆದಿದ್ದರು. ಮೇಡಂ ಹೇಳಿದ್ದನ್ನು ಅಜ್ಜಿಯ ಕಿವಿಗೆ ಕೂಗಿ ದಾಟಿಸುವ ದುಭಾಷಿ ಹುದ್ದೆ ನನ್ನದು. ಅಜ್ಜಿ ಐದು ನಿಮಿಷ ತುಟಿ ಬಿಚ್ಚದೆ ಕೂತಿದ್ದಳು — ಜೀವಮಾನದ ದಾಖಲೆ. ಇವತ್ತು ಆ ಅಚ್ಚಿನಿಂದ ಮಾಡಿದ ಮಷೀನಿನ ಬಿರಡೆ ಕಿವಿಯಲ್ಲಿ ಗಟ್ಟಿಯಾಗಿ ಕೂತಿತು.

ಮನೆಗೆ ಬಂದೆವು. ಮುಂದಿನ ಕೋಣೆಯೇ ಅಜ್ಜಿಯ ಟೈಲರ್ ಅಂಗಡಿ. ಎಂದಿನಂತೆ ಐದು ಗುಂಡುಸೂಜಿ ಹಲ್ಲಲ್ಲಿ ಕಚ್ಚಿಕೊಂಡು, ನನ್ನನ್ನು ಬೈಯಲು ಬಾಯಿ ತೆರೆದಳು —

ಕುಂಯ್ಯ್ಯ್.

ಮಷೀನು ಶಿಳ್ಳೆ ಹೊಡೆಯಿತು. ಬಾಯಿ ಮುಚ್ಚಿದಳು. ನಿಂತಿತು. ತೆರೆದಳು. ಕುಂಯ್.

ಇತಿಹಾಸದಲ್ಲೇ ಮೊದಲ ಸಲ ಅಜ್ಜಿಯ ಮಾತಿಗೆ ಯಾರೋ ಅಡ್ಡಬಾಯಿ ಹಾಕಿದರು.

ಮಾರ್ಚ್ 5

ವಕೀಲಮ್ಮ ಕೋಟಿನ ಟ್ರಯಲ್‌ಗೆ ಬಂದರು. ಅಜ್ಜಿಯ ‘ಬನ್ನಿ’ ಜೊತೆಗೆ ಬಂದ ಕುಂಯ್ ಕೇಳಿ, ಮೇಜಿನ ಕೆಳಗೆ ಬಗ್ಗಿ ನೋಡಿ, “ಬೆಕ್ಕು ಮರಿ ಹಾಕಿದ್ಯಾ?” ಅಂದರು.

“ಬೆಕ್ಕಲ್ಲ ಕಣ್ರೀ, ನನ್ನ —” ಕುಂಯ್.

“ರೆಫರಿ ಶಿಳ್ಳೆ ಹೊಡೆದ್ರು. ಫೌಲ್ ಅಜ್ಜಿ,” ಅಂದೆ.

“ನಿನ್ ತುಟಿಗೆ ಕಾಜಾ ಹೊಲಿದು ಗುಂಡಿ ಹಾಕ್ತೀನಿ, ಕಪಿ!” — ಪೂರ್ತಿ ಹಿನ್ನೆಲೆ ಸಂಗೀತದೊಂದಿಗೆ. ಆಮೇಲೆ ಅವಳಿಗೇ ನಗು. ನಗುವಿಗೆ ಇನ್ನೂ ಉದ್ದದ ಶಿಳ್ಳೆ.

ಬಾಯಿ ತೆರೆದಾಗ ಅವಳ ದವಡೆ ‘ಟಕ್’ ಅನ್ನುತ್ತದೆ. ವರ್ಷಗಳಿಂದ. ನಾವದನ್ನು ಬೈಗುಳದ ಮುನ್ನುಡಿ ಅನ್ನುತ್ತೇವೆ. ಇವತ್ತು ಟಕ್ ಅಂದಾಗ ಕೆನ್ನೆ ಹಿಡಿದುಕೊಂಡಳು. ನೋಯುತ್ತದಂತೆ. ಇಷ್ಟು ದಿನ ಹೇಳಿರಲೇ ಇಲ್ಲ.

ಮಾರ್ಚ್ 14

ಎಂಟು ದಿನ ಬರೆಯಲಿಲ್ಲ. ಬರೆಯಲು ಬೈಗುಳ ಬೇಕು. ಬೈಗುಳವೇ ಇಲ್ಲ.

ಅಜ್ಜಿ ಮಾತು ಬಿಟ್ಟಿದ್ದಾಳೆ. ಗಿರಾಕಿಗಳಿಗೆ ತಲೆಯಾಡಿಸುತ್ತಾಳೆ, ಅಳತೆಯನ್ನು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದು ತೋರಿಸುತ್ತಾಳೆ. ಮೊದಲ ದಿನ ಅಮ್ಮ, “ಉಸ್ಸಪ್ಪಾ, ನೆಮ್ಮದಿ,” ಅಂದಳು. ನಾಲ್ಕನೇ ದಿನ ಬೇಕೆಂದೇ ಸಾರಿಗೆ ಎರಡು ಚಮಚ ಉಪ್ಪು ಜಾಸ್ತಿ ಹಾಕಿದಳು. ಅಜ್ಜಿ ತೆಪ್ಪಗೆ ಉಂಡೆದ್ದಳು. ಅಮ್ಮ ಪಾತ್ರೆ ತೊಳೆಯುತ್ತಾ ಅತ್ತಳು. ಅತ್ತೆ ಬೈಯಲಿಲ್ಲವೆಂದು ಅತ್ತ ಸೊಸೆ ಪ್ರಪಂಚದಲ್ಲಿ ಇವಳೊಬ್ಬಳೇ ಇರಬೇಕು.

ನಾನು ಬ್ರಹ್ಮಾಸ್ತ್ರ ಬಿಟ್ಟೆ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನೇ ನನ್ನ ಬ್ಯಾಗಿನಲ್ಲಿ ಬಚ್ಚಿಟ್ಟೆ. ಅಜ್ಜಿ ಹಳೇ ಕತ್ತರಿ ತೆಗೆದುಕೊಂಡು ಕೆಲಸ ಮುಂದುವರಿಸಿದಳು. ಭಯವಾಯಿತು.

ಸಂಜೆ ಮಷೀನು ಕಳಚಿ ಗುಂಡಿ ಡಬ್ಬಿಗೆ ಹಾಕಿದಳು.

“ನಾಳೆ ವಾಪಸ್ ಕೊಟ್ಬಿಡು. ಕಿವಿ ಇಲ್ದೆ ಬದುಕ್ಬೋದು. ಬಾಯಿ ಇಲ್ದೆ ನನ್ ಕೈಲಾಗಲ್ಲ.” ಸ್ವಲ್ಪ ಹೊತ್ತು ಗುಂಡಿಗಳಲ್ಲಿ ಬೆರಳಾಡಿಸಿದಳು. “ಚೆನ್ನಾಗ್ ಕೇಳ್ತಿತ್ತು ಕಣೇ. ದಾರ ಬಿಗಿಯಾದ್ರೆ ಸದ್ದಲ್ಲೇ ಗೊತ್ತಾಗ್ತಿತ್ತು. ನೀನು ನನ್ ಬೆನ್ನ ಹಿಂದೆ ಏನ್ ಗೊಣಗ್ತೀಯಾ ಅಂತ ಕೇಳ್ಬೇಕು ಅನ್ನೋದು ಹತ್ತು ವರ್ಷದ ಆಸೆ. ಅದೂ ಕೇಳಿಸ್ತು.”

ಡಬ್ಬಿಯಿಂದ ಮಷೀನು ಆರಿಸಿ ನನ್ನ ಬ್ಯಾಗಿಗೆ ಹಾಕಿಕೊಂಡೆ, ಕತ್ತರಿಯ ಪಕ್ಕಕ್ಕೆ.

ಮಾರ್ಚ್ 15

ವಾಪಸ್ ಕೊಡಲಿಲ್ಲ. ಅಜ್ಜಿಯನ್ನೇ ಎಳೆದುಕೊಂಡು ಹೋದೆ.

ಮೇಡಂ ಅಜ್ಜಿಯ ಕಿವಿಯೊಳಗೆ ಕಿರುಬೆರಳಿಟ್ಟು, ಬಾಯಿ ತೆಗೆಸಿ ಮುಚ್ಚಿಸಿ ನೋಡಿ, ಮಷೀನು ಮತ್ತೆ ತೊಡಿಸಿದರು. ನನಗೂ ನನ್ನ ಕಿವಿಯಲ್ಲಿ ಬೆರಳಿಡಲು ಹೇಳಿದರು. ಬಾಯಿ ತೆರೆದರೆ ಒಳಗಿನ ಗೋಡೆ ಸರಿಯುತ್ತದೆ! ಹದಿನೆಂಟು ವರ್ಷ ಯಾರೂ ಹೇಳಿರಲಿಲ್ಲ.

“ದವಡೆ ಕೀಲು ಕಿವಿ ದಾರಿಗೆ ಅಂಟಿಕೊಂಡೇ ಇದೆ. ಬಾಯಿ ತೆಗೆದ್ರೆ ದಾರಿ ಅಗಲ ಆಗುತ್ತೆ. ನಿಮ್ಮದು ಕೀಲು ಸವೆದು ಜಾರ್ತಿದೆ, ಅದಕ್ಕೆ ಇನ್ನೂ ಜಾಸ್ತಿ. ಬಿರಡೆ ಸಂದಿಯಿಂದ ಸದ್ದು ಹೊರಗೆ ಸೋರಿ ಮತ್ತೆ ಮಷೀನಿಗೇ ಹೋಗುತ್ತೆ. ಅದೇ ಶಿಳ್ಳೆ. ಹಲ್ಲಲ್ಲಿ ಏನಾದ್ರೂ ಕಚ್ಚೋ ಅಭ್ಯಾಸ ಇದ್ಯಾ?”

“ಗುಂಡುಸೂಜಿ. ನಲವತ್ತು ವರ್ಷ.” ಕುಂಯ್.

“ಜೊತೆಗೆ ಮೊದಲ ಅಚ್ಚು ತೆಗೆದಾಗ ದವಡೆ ಬಿಗಿ ಹಿಡಿದಿದ್ರಿ ಅನ್ಸುತ್ತೆ. ನಾನು ಅವತ್ತು —”

“ಮೇಡಂ, ಗೋಡೆ ಮೇಲಿನ ಚಿತ್ರ ಎಡಗಿವೀದಾ, ಬಲಗಿವೀದಾ?” ಅಂದೆ. ಜ್ಞಾನದಾಹ.

“ತಪ್ಪೆಲ್ಲಾ ನಂದೇ,” ಅಂದು ಅಜ್ಜಿ ತಲೆ ತಗ್ಗಿಸಿದಳು.

ಹೊಸ ಅಚ್ಚು. ಈ ಸಲ ಪೇಸ್ಟು ಗಟ್ಟಿಯಾಗುವವರೆಗೂ ಬಾಯಿ ಆಡಿಸುತ್ತಲೇ ಇರಬೇಕು. ಅಜ್ಜಿಗೆ ಹೆದರಿಕೆ, ತುಟಿ ಬಿಚ್ಚಳು. ಕಿವಿಯಲ್ಲಿ ಪೇಸ್ಟು, ಕೂಗಿಯೂ ಫಲವಿಲ್ಲ. ಆಗ ನಾನು ಬ್ಯಾಗಿನಿಂದ ಅವಳ ಬಟ್ಟೆ ಕತ್ತರಿ ತೆಗೆದು, ಅವಳ ಕಣ್ಣೆದುರೇ, ನಿಧಾನವಾಗಿ, ಒಂದು ರಟ್ಟಿನ ಡಬ್ಬಿ ಕತ್ತರಿಸಿದೆ.

ಟಕ್.

“ಅಯ್ಯೋ ಪಾಪಿ! ಬಟ್ಟೆ ಕತ್ತರೀಲಿ ರಟ್ಟಾ! ಸಾಣೆ ಹಿಡಿಯೋರು ನಿಮ್ಮಪ್ಪಾನಾ? ನಿನ್ ಕೈಗೆ —”

ಐದು ನಿಮಿಷ. ಎರಡು ಸಲ ಹೇಳಿದ ಮಾತು ಒಂದೂ ಇಲ್ಲ. ಮೇಡಂ ಅಚ್ಚು ಹೊರತೆಗೆದು, “ಅದ್ಭುತ,” ಅಂದರು. ಅಚ್ಚಿಗೋ ಬೈಗುಳಕ್ಕೋ ಗೊತ್ತಿಲ್ಲ.

ಮಾರ್ಚ್ 27

ಹೊಸ ಬಿರಡೆ ಬಂತು. ವಕೀಲಮ್ಮನ ಜೊತೆ ಅರ್ಧ ಗಂಟೆ ಹರಟೆ — ಶಿಳ್ಳೆ ಇಲ್ಲ. ಟಕ್ ಇದೆ. ಮೇಡಂ ಅಪ್ಪಣೆ: ದವಡೆಗೆ ಬಿಸಿ ಬಟ್ಟೆ ಒತ್ತಬೇಕು, ಗಟ್ಟಿ ಪದಾರ್ಥ ಅಗಿಯಬಾರದು.

ಊಟಕ್ಕೆ ಅಮ್ಮ ಮತ್ತೆ ಎರಡು ಚಮಚ ಉಪ್ಪು ಹೆಚ್ಚು ಹಾಕಿದಳು. ಪರೀಕ್ಷಾರ್ಥ.

“ಏನೇ ಇದು, ಸಮುದ್ರಕ್ಕೆ ಒಗ್ಗರಣೆ ಹಾಕಿದ್ಯಾ?”

ಅಮ್ಮನ ಮುಖ ನೋಡಬೇಕಿತ್ತು. ಬಹುಮಾನ ಬಂದವಳ ಹಾಗೆ. ನಾನು ಹಿತ್ತಲ ಬಾಗಿಲಲ್ಲಿ ಮೆಲ್ಲಗೆ, “ಶುರುವಾಯ್ತಪ್ಪ,” ಅಂದೆ.

ಒಳಗಿನಿಂದ: “ಕೇಳಿಸ್ತು!”

ಮಾರ್ಚ್ 28, ಸಂಜೆ

ಅಜ್ಜಿ ಗುಂಡುಸೂಜಿಗಳನ್ನು ಸಣ್ಣ ದಿಂಬಿಗೆ ಚುಚ್ಚಿಡುತ್ತಿದ್ದಾಳೆ. ಆಗಾಗ ಮರೆತು ಬಾಯಿಗೆ ಒಯ್ದು, “ಥೂ, ನಿಮ್ಮಿಂದಾನೇ ಎಲ್ಲಾ,” ಎಂದು ಅವಕ್ಕೆ ಬೈಯುತ್ತಾಳೆ. ನೋಡಲಾಗುತ್ತಿಲ್ಲ. ಕೀಲು ಸವೆದದ್ದು ಸೂಜಿಗಳ ತಪ್ಪು, ಒಪ್ಪಿದೆ. ಉಳಿದರ್ಧ —

ಮೊದಲ ಅಚ್ಚಿನ ದಿನ ಮೇಡಂ ಹೇಳಿದ್ದು: “ಬಾಯಿ ಆಡಿಸ್ತಾ ಇರೋಕೆ ಹೇಳಮ್ಮ ಅಜ್ಜಿಗೆ.” ಹೇಳಿ ಪೇಸ್ಟು ತರಲು ಒಳಗೆ ಹೋದರು. ದುಭಾಷಿ ಅಜ್ಜಿಗೆ ದಾಟಿಸಿದ್ದು: “ಬಾಯಿ ಬಿಟ್ರೆ ಪೇಸ್ಟು ಮೆದುಳಿಗೆ ಇಳಿಯುತ್ತಂತೆ.”

ಐದೇ ಐದು ನಿಮಿಷ ಅವಳು ಸುಮ್ಮನಿದ್ದರೆ ಹೇಗಿರುತ್ತದೆ ಎಂದು ನೋಡಬೇಕಿತ್ತು. ಅಷ್ಟೇ. ನೋಡಿದೆ. ಇನ್ನು ಜನ್ಮಕ್ಕೆ ಬೇಡ.

ಬರೆಯುವಾಗ ಬಾಯಲ್ಲಿ ಹೇಳಿಕೊಂಡೇ ಬರೆಯುವುದು ನನ್ನ ಅಭ್ಯಾಸ. ಇಷ್ಟು ವರ್ಷ ಈ ಮನೆಯಲ್ಲಿ ಅದರಿಂದ ಏನೂ ತೊಂದರೆ ಇರಲಿಲ್ಲ. ಹೊಲಿಗೆ ಮಷೀನು ಯಾಕೋ ನಿಂತಿದೆ. ಬೆನ್ನ ಹಿಂದೆ — ಟಕ್