ಕದಲಬಾರದಿದ್ದ ಚುಕ್ಕೆ

ಮಾರ್ಚ್ ೧೪, ಶುಕ್ರವಾರ
ಸಂಸ್ಥೆಯ ನನ್ನ ಕೋಣೆ, ಮಧ್ಯಾಹ್ನ

ಪ್ರೀತಿಯ ಮರೀ,

ಹೇಗಿದ್ದೀಯ? ನಿನ್ನ ಬೆನ್ನುನೋವು ಕಡಿಮೆಯಾಯಿತೇ? ನಿನ್ನ ಇಮೇಲ್ ಬಂದು ಮೂರು ವಾರ ದಾಟಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಕೆಲಸ ಹೆಚ್ಚಿತ್ತು ಅಂತ ಬರೆಯಬಹುದು, ಆದರೆ ನೀನು ನಂಬುವವಳಲ್ಲ. ಸಿಟ್ಟು ಬಂದಿತ್ತು, ಅದಕ್ಕೇ ಬರೆಯಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ. ಕಂಪ್ಯೂಟರಿನಲ್ಲಾದರೆ ಅಳಿಸಿ ಅಳಿಸಿ ನಯ ಮಾಡಿಬಿಡುತ್ತೇನೆ ಅಂತ ಪೆನ್ನು ಹಿಡಿದು ಕೂತಿದ್ದೇನೆ.

ಈ ತಿಂಗಳ ಕೊನೆಗೆ ನನ್ನ ನಿವೃತ್ತಿ. ಕೋಣೆ ಖಾಲಿ ಮಾಡುತ್ತಿದ್ದೇನೆ. ಕಾರಿಡಾರಿನಲ್ಲಿ ಹತ್ತೊಂಬತ್ತು ವರ್ಷ ತೂಗಿದ ನಮ್ಮ ಕ್ವೇಸಾರಿನ ಫೋಟೋ ಗೊತ್ತಲ್ಲ, ಕಪ್ಪಿನ ನಡುವೆ ಒಂದೇ ಒಂದು ಕೆಂಪು ಚುಕ್ಕೆ, ಕೆಳಗೆ ‘ವಿಶ್ವ ಎಳೆಯದಾಗಿದ್ದಾಗ ಹೊರಟ ಬೆಳಕು’ ಎಂಬ ಒಕ್ಕಣೆ? ಅದು ಕ್ವೇಸಾರೇ ಅಲ್ಲ ಅನ್ನುವ ನಿನ್ನ ಲೇಖನದ ಕರಡನ್ನು ನಿರ್ದೇಶಕರಿಗೂ ಕಳಿಸಿದ್ದೆ. ಮರುದಿನವೇ ಫೋಟೋ ಕೆಳಗಿಳಿಯಿತು. ನಮ್ಮ ಅಟೆಂಡರ್ ಅದನ್ನು ನನ್ನ ಕೋಣೆಗೇ ತಂದಿಟ್ಟು, “ಗಾಜು ಚೆನ್ನಾಗಿದೆ ಮೇಡಂ, ಬೇರೆ ಫೋಟೋ ಹಾಕಿದ್ರೆ ಆಯ್ತು,” ಅಂದ. ಸಮಾಧಾನ ಹೇಳುವ ರೀತಿ ಅವನಿಗೆ ಅಷ್ಟೇ ಗೊತ್ತು.

ನೀನು ಬರೆದದ್ದೆಲ್ಲ ಸರಿ. ಮೂರು ಸಲ ಲೆಕ್ಕ ಮಾಡಿ ನೋಡಿದೆ, ತಪ್ಪು ಸಿಗಲಿ ಅಂತಲೇ ನೋಡಿದೆ. ಕ್ವೇಸಾರ್ ಆಗಿದ್ದರೆ, ವಿಶ್ವದ ಆಚೆ ತುದಿಯ ಗ್ಯಾಲಕ್ಸಿಯೊಂದರ ಉರಿಯುವ ಒಡಲಾಗಿದ್ದರೆ, ಅದು ಅಷ್ಟು ದೂರದಲ್ಲಿ ನಿಂತಲ್ಲೇ ನಿಂತಂತೆ ಕಾಣಬೇಕಿತ್ತು. ನಮ್ಮ ಹಳೆಯ ಚಿತ್ರದ ಮೇಲೆ ನಿನ್ನ ಹೊಸ ಚಿತ್ರ ಇಟ್ಟರೆ ಚುಕ್ಕೆ ಕೂದಲೆಳೆಯಷ್ಟು ಸರಿದಿದೆ. ಕದಲಿತು ಅಂದರೆ ಹತ್ತಿರದ್ದು. ಹೊತ್ತಿಕೊಳ್ಳಲಾರದೆ ಅರ್ಧಕ್ಕೇ ಕೈಬಿಟ್ಟ ನಕ್ಷತ್ರ, ಒಂದು ಕಂದು ಕುಬ್ಜ. ಅದೂ ಕೆಂಪಗೇ ಕಾಣುತ್ತದೆ, ನಮ್ಮನ್ನು ಏಮಾರಿಸಲು ಅಷ್ಟು ಸಾಕಾಯಿತು. ನಿನ್ನ ಭಾವ ಎಲ್ಲ ಕೇಳಿಸಿಕೊಂಡು, “ಹಾಗಾದ್ರೆ ಲೋಕವೆಲ್ಲ ಹುಡುಕಿದ್ದು ನಮ್ಮ ಹಿತ್ತಲಲ್ಲೇ ಇತ್ತಾ?” ಅಂದರು. ಎರಡು ದಿನ ಅವರನ್ನು ಮಾತಾಡಿಸಲಿಲ್ಲ.

ಆದರೆ ಆ ಇಮೇಲ್! ‘ಪ್ರಿಯ ಸಹೋದ್ಯೋಗಿಗಳೇ’ ಅಂತೆ. ಹನ್ನೊಂದು ಜನರ ಸಾಲಿನಲ್ಲಿ ನನ್ನದೂ ಒಂದು ವಿಳಾಸ. ಅಮ್ಮ ಹೋದಾಗ ನಿನಗೆ ಏಳು ವರ್ಷ. ಎರಡು ಜಡೆ ಹಾಕಿ ಶಾಲೆಗೆ ಕಳಿಸಿದವಳು, ಲೆಕ್ಕ ತಪ್ಪಿದರೆ ಗುರುತೂ ಉಳಿಯದ ಹಾಗೆ ಅಳಿಸಿಸಿ ಮತ್ತೆ ಬರೆಸಿದವಳು ನಾನು. ನಿನಗೆ ನಾನು ಸಹೋದ್ಯೋಗಿಯೇ? ಫೋನ್ ಮಾಡಿ ಕೇಳಿದರೆ, “ಬೈಬೇಡ ಅಕ್ಕ, ನಿಂಗೆ ಮೊದ್ಲೇ ಹೇಳೋಕೆ ಧೈರ್ಯ ಬರ್ಲಿಲ್ಲ,” ಅಂದೆ. ನಲವತ್ತನಾಲ್ಕು ವರ್ಷದ ಹೆಂಗಸು, ನಿನ್ನ ಕೈಕೆಳಗೆ ಆರು ಜನ ಕೆಲಸ ಮಾಡುತ್ತಾರೆ, ಅಕ್ಕನಿಗೆ ಹೇಳಲು ಧೈರ್ಯವಿಲ್ಲವಂತೆ. ನಾನೇನು ಹುಲಿಯೇ ಅಂತ ಫೋನ್ ಇಟ್ಟುಬಿಟ್ಟೆ.

ಕರಡಿನಲ್ಲಿ ನಮ್ಮ ಹಳೆಯ ಪದ್ಧತಿಯನ್ನು ಚೆನ್ನಾಗಿ ವಿವರಿಸಿದ್ದೀಯ. ಪ್ರತಿ ಚುಕ್ಕೆಯ ವರ್ಣಪಟಲಕ್ಕೂ ಎರಡು ಪ್ರತಿ, ನನಗೊಂದು, ನಿನಗೊಂದು. ನನ್ನದು ನೀಲಿ ಪೆನ್ಸಿಲ್, ನಿನ್ನದು ಕಪ್ಪು. ಕ್ವೇಸಾರ್ ಅನ್ನಿಸಿದರೆ ಸರಿ ಗುರುತು, ಅಲ್ಲದಿದ್ದರೆ ಅಡ್ಡಗೀಟು. ಇಬ್ಬರದೂ ಮುಗಿಯುವ ತನಕ ಒಬ್ಬಳ ಗುರುತು ಇನ್ನೊಬ್ಬಳಿಗೆ ತಿಳಿಯಬಾರದು. ‘ಇಬ್ಬರು ಪರೀಕ್ಷಕರೂ ಸ್ವತಂತ್ರವಾಗಿ ಒಂದೇ ತಪ್ಪು ತೀರ್ಮಾನಕ್ಕೆ ಬಂದರು’ ಅಂತ ಬರೆದು, ಅದರ ಕೆಳಗೆ ನನ್ನ ಸಹಿ ಕೇಳಿದ್ದೀಯ. ಸಹಿ ಹಾಕದಿದ್ದರೆ ಲೇಖನ ತಡವಾಗುತ್ತದೆ, ಹಾಕಿದರೆ ನನ್ನ ಜೀವಮಾನದ ಒಂದೇ ಹೆಸರುವಾಸಿ ಕೆಲಸವನ್ನು ನಾನೇ ಹೂತಂತೆ. ಮೂರು ವಾರ ಆ ಸಹಿಯ ಹಾಳೆ ಮೇಜಿನ ಮೇಲೇ ಇತ್ತು. ಅದರ ಮೇಲೆ ಕಾಫಿ ಲೋಟದ ಕಲೆಯೂ ಆಗಿದೆ.

ಇವತ್ತು ಹಾಕಿದೆ. ಇದರ ಜೊತೆಗೇ ಇಟ್ಟಿದ್ದೇನೆ.

ಮೈ ಚೆನ್ನಾಗಿ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ಮುಂದೆ ನೀನು ಹುಡುಕುವ ಚುಕ್ಕೆಗಳು ನಿಂತಲ್ಲೇ ನಿಲ್ಲಲಿ, ನಿನ್ನ ಹೆಸರು ಅವುಗಳ ಜೊತೆ ಉಳಿಯಲಿ. ಸಿಟ್ಟಿನಲ್ಲಿದ್ದರೂ ಇದನ್ನು ಮನಸಾರೆ ಹೇಳುತ್ತಿದ್ದೇನೆ.

ಇಂತು ನಿನ್ನ,
ಅಕ್ಕ

ಮರೆತಿದ್ದೆ: ಸಹಿ ಮಾಡಿದ್ದೇನೆ, ಆದರೆ ‘ಸ್ವತಂತ್ರವಾಗಿ’ ಎಂಬ ಪದವನ್ನು ಹೊಡೆದುಹಾಕಿದ್ದೇನೆ. ಬೆಳಿಗ್ಗೆ ಬೀರು ಖಾಲಿ ಮಾಡುವಾಗ ಈ ಚುಕ್ಕೆಯ ವರ್ಣಪಟಲದ ನಿನ್ನ ಪ್ರತಿ ಸಿಕ್ಕಿತು. ಇದಕ್ಕೆ ಗುರುತು ಹಾಕಿದ ದಿನ ನನಗೆ ತಾಳ್ಮೆಯಿರಲಿಲ್ಲ. ನಿನ್ನ ಕುರ್ಚಿಯ ಹಿಂದೆ ಬಂದು ನಿಂತು, “ನಂದು ಸರಿ ಗುರುತು ಕಣೇ, ನಿಂದೇನು?” ಅಂತ ಕೇಳಿದ್ದೆ. ನೀನು ಹಾಳೆಯ ಮೇಲೆ ಕೈ ಮುಚ್ಚಿ, “ಎರಡೇ ನಿಮಿಷ ಅಕ್ಕ,” ಅಂದಿದ್ದೆ. ಆ ಎರಡು ನಿಮಿಷದಲ್ಲಿ ಏನು ಮಾಡಿದೆ ಅಂತ ಇವತ್ತು ತಿಳಿಯಿತು. ಹಾಳೆಯನ್ನು ಕಿಟಕಿಗೆ ಹಿಡಿದರೆ ನಿನ್ನ ಸರಿ ಗುರುತಿನ ಕೆಳಗೆ ಅಳಿಸಿದ ಅಡ್ಡಗೀಟು ಕಾಣುತ್ತದೆ. ಇಪ್ಪತ್ತೈದನೇ ವಯಸ್ಸಿಗೇ ನೀನು ಸರಿಯಾಗಿ ನೋಡಿದ್ದೆ ಮರೀ. ಹೇಳಿದ್ದರೆ ನಾನು ಕೇಳುತ್ತಿದ್ದೆ ಅಂತ ಬರೆಯಲು ಹೊರಟೆ, ಕೈ ಬರಲಿಲ್ಲ. ಬೈದು ಮತ್ತೆ ಬರೆಸುತ್ತಿದ್ದೆ.