ನಂಬರ್ ಅಂಟಿಸಿದ ವೈರುಗಳು

ಮಾರ್ಚ್ 3, ಬೆಳಿಗ್ಗೆ 6.10

ಕಾಲ್ಚೀಲ ಕುರ್ಚಿಯ ಮೇಲಿದೆ, ಜೋಡಿ ಮಾಡಿ. ಅಂಗಿ, ಪ್ಯಾಂಟು ಪಕ್ಕದಲ್ಲಿ. ಮದುವೆಯಾಗಿ ಹದಿಮೂರು ವರ್ಷ, ದಿನಾ ಹೀಗೇ ತೆಗೆದಿಡುತ್ತಾಳೆ. ನನ್ನದು ಬರೀ ಸೋಮಾರಿತನ ಎಂದು ಹೆಂಡತಿಯ ತೀರ್ಮಾನ. ಇರಲಿ. ಸೋಮಾರಿ ಅನ್ನಿಸಿಕೊಳ್ಳುವುದರಲ್ಲೂ ಒಂದು ಸುಖವಿದೆ. ಅವಳು ಮನೆಯಲ್ಲಿಲ್ಲದ ದಿನ ಕಾಲಿಗೊಂದು ಬಣ್ಣ ಹಾಕಿಕೊಂಡು ಹೋಗಿ ನಗೆಪಾಟಲಾಗಿದ್ದೂ ಉಂಟು. ನಾನೂ ಎಲ್ಲರ ಜೊತೆ ಸೇರಿ ನಕ್ಕಿದ್ದೆ.

ಇವತ್ತು ಆಸ್ಪತ್ರೆಯ ಎರಡನೇ ಲಿಫ್ಟ್. ರೋಪ್ ಬದಲಾಯಿಸಬೇಕು. ಜೊತೆಯ ಮೆಕ್ಯಾನಿಕ್ ಮೀಸೆಯಣ್ಣ ಏಳಕ್ಕೇ ಬಂದು ಕಾಯುತ್ತಿರುತ್ತಾನೆ.

ಅದೇ ದಿನ, ಸಂಜೆ 7

ಪತ್ರ ಬಂತು. ಕೆಲಸ ಸಿಕ್ಕಿತು. ಹೊರದೇಶ. ನಮ್ಮದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಲಿಫ್ಟ್ ಕಂಪನಿ. ಮೂವರಿಗೂ ವೀಸಾ, ಇರಲು ಮನೆ, ಮಗಳಿಗೆ ಸ್ಕೂಲು. ಹೆಂಡತಿ ನಿಂತಲ್ಲೇ ಎರಡು ಸಲ ಓದಿದಳು. ಆಮೇಲೆ ಕೂತು ಇನ್ನೊಂದು ಸಲ. ಹನ್ನೊಂದು ವರ್ಷದ ಮಗಳು — ಮನೆಯಲ್ಲಿ ಲಾಯರಮ್ಮ ಅಂತಲೇ ಕರೆಯುವುದು, ವಾದ ಮಾಡದೆ ಹಾಲು ಸಹ ಕುಡಿಯುವವಳಲ್ಲ — ಬಾಗಿಲಿಗೆ ಒರಗಿಕೊಂಡು, "ನನ್ನನ್ನ ಯಾರೂ ಕೇಳ್ಲೇ ಇಲ್ಲ" ಅಂದಳು. ಸ್ಕೂಲಿನ ಈಜು ತಂಡಕ್ಕೆ ಈ ವರ್ಷ ಅವಳೇ ಕ್ಯಾಪ್ಟನ್.

ಅಲ್ಲಿನ ಮ್ಯಾನೇಜರ್ ಬರೆದಿದ್ದಾನೆ: ನಿಮ್ಮ ಪ್ಯಾನೆಲ್‌ಗಳ ಫೋಟೋ ನೋಡಿದೆವು, ಒಂದೊಂದು ವೈರಿಗೂ ನಂಬರ್ ಅಂಟಿಸುವ ಈ ಶಿಸ್ತನ್ನು ನಮ್ಮವರಿಗೂ ಕಲಿಸಬೇಕು.

ಶಿಸ್ತಂತೆ. ನನಗೆ ಬಣ್ಣ ಕಾಣುವುದಿಲ್ಲ. ಈ ಡೈರಿಯಲ್ಲಾದರೂ ಬರೆಯಬಹುದಲ್ಲ. ಕೆಂಪು, ಹಸಿರು, ಕಂದು... ಮೂರೂ ನನಗೆ ಒಂದೇ ಮಣ್ಣು. ಮೀಸೆಯಣ್ಣ ಒಂದೊಂದೇ ವೈರು ಹಿಡಿದು ಬಣ್ಣ ಕೂಗುತ್ತಾನೆ. ನಾನು ಚೀಟಿಯಲ್ಲಿ ನಂಬರ್ ಬರೆದು ಅಂಟಿಸುತ್ತೇನೆ. ಅಲ್ಲಿಂದ ಮುಂದೆ ನಂಬರ್ ನೋಡಿಕೊಂಡೇ ಕೆಲಸ. ಹದಿನಾರು ವರ್ಷ ಹೀಗೇ ನಡೆದಿದೆ. ಇದು ಗೊತ್ತಿರುವುದು ಅವನೊಬ್ಬನಿಗೆ. ಕಂಪನಿಗೆ ಗೊತ್ತಾದರೆ ಇಲ್ಲಿನ ಕೆಲಸಕ್ಕೂ ಸಂಚಕಾರ.

ಪತ್ರದ ಜೊತೆ ಒಂದು ಪಟ್ಟಿ. ಹೆಂಡತಿ ಪೆನ್ನು ಹಿಡಿದು ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಹೋದಳು. ಏಳನೆಯದು ಮೆಡಿಕಲ್. "ಕಣ್ಣು, ಕಿವಿ, ರಕ್ತ, ಎಕ್ಸ್‌ರೇ. ಎಲ್ಲಾ ಮಾಮೂಲಿ ಅಲ್ವೇನ್ರಿ?" ಅಂದಳು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಬಣ್ಣ ಗುರುತಿಸುವ ಪರೀಕ್ಷೆ ಕಡ್ಡಾಯ. ಅವಳು ನೋಡಲಿಲ್ಲ. ನಾನು ನೋಡಿದೆ.

"ಹೂಂ, ಮಾಮೂಲಿ" ಅಂದೆ.

ಮಾರ್ಚ್ 5, ಊಟದ ಬಿಡುವು

ಮೀಸೆಯಣ್ಣನಿಗೆ ಹೇಳಿದೆ. ಡಬ್ಬಿ ಮುಚ್ಚಿಟ್ಟು ಮೀಸೆ ಒರೆಸಿಕೊಂಡ. ನನಗಿಂತ ಹತ್ತು ವರ್ಷ ದೊಡ್ಡವನು, ಮಾತು ಕಮ್ಮಿ.

"ಹೋಗ್ತೀಯಾ ಸರಿ. ಅಲ್ಲಿ ನಿಂಗೆ ಬಣ್ಣ ಕೂಗೋರು ಯಾರಯ್ಯಾ?"

"ಯಾರೋ ಒಬ್ರು ಸಿಗ್ತಾರೆ."

"ಸಿಕ್ಕೋನು ನಿಜಾನೇ ಕೂಗ್ತಾನೆ ಅಂತ ಹೆಂಗೆ ಗೊತ್ತು?"

ಅಪಶಕುನ ನುಡಿಯಬೇಡ ಅಂದೆ. ಅವನು ಡಬ್ಬಿ ತೊಳೆಯಲು ಎದ್ದು ಹೋದ. ಅವನಿಗೇನು, ಇನ್ನು ಆರು ವರ್ಷಕ್ಕೆ ರಿಟೈರು.

ಹೆಂಡತಿಗೆ ಈ ಭಾನುವಾರ ಹೇಳಿಬಿಡುತ್ತೇನೆ.

ಮಾರ್ಚ್ 16, ಸಂಜೆ

ಹೇಳಲಿಲ್ಲ. ಎರಡು ಭಾನುವಾರ ಹೋದವು.

ಇವತ್ತು ಅವಳೇ ನಗುತ್ತಾ ಬಂದಳು. ಕೈಯಲ್ಲಿ ಒಂದು ಗಡಿಯಾರ — ಔಷಧಿ ಅಂಗಡಿಯವರು ಕೊಟ್ಟದ್ದಂತೆ. ಒಂಬತ್ತು ವರ್ಷ ಕೌಂಟರಿನಲ್ಲಿ ನಿಂತವಳು ರಾಜೀನಾಮೆ ಕೊಟ್ಟುಬಂದಿದ್ದಾಳೆ. ಅವಳ ಜಾಗಕ್ಕೆ ನಾಳೆಯಿಂದ ಹೊಸ ಹುಡುಗಿ. "ಮನೆ ಓನರಿಗೂ ಹೇಳ್ಬಿಟ್ಟೆ ಕಣ್ರೀ, ಏಪ್ರಿಲ್ ಕೊನೆಗೆ ಬಿಡ್ತೀವಿ ಅಂತ. ಅವರಿಗೆ ಆಗ್ಲೇ ಜನ ಸಿಕ್ಕಿದ್ದಾರೆ."

ಬಾಯಿ ತೆರೆದೆ. ಅಷ್ಟರಲ್ಲಿ, "ನನ್ನ ಕಾಲು ನೋವಿಗೆ ಇನ್ನು ಮುಕ್ತಿ" ಅಂತ ಕುರ್ಚಿಯಲ್ಲಿ ಕೂತು ಪಾದ ಒತ್ತಿಕೊಂಡಳು. ಮುಖ ಎಷ್ಟು ಹಗುರವಾಗಿತ್ತು ಎಂದರೆ... ಬಾಯಿ ಮುಚ್ಚಿದೆ. ನಾನೊಬ್ಬ ಹೇಡಿ. ಸುತ್ತಿ ಬಳಸಿ ಬರೆಯುವುದು ಬೇಡ.

ಮೆಡಿಕಲ್ ಏಪ್ರಿಲ್ 8ಕ್ಕೆ.

ಮಾರ್ಚ್ 22, ಭಾನುವಾರ, ಬೆಳಿಗ್ಗೆ

ದಾರಿ ಸಿಕ್ಕಿದೆ. ಆ ಪರೀಕ್ಷೆ ಅಂದರೆ ಒಂದು ಚುಕ್ಕೆಗಳ ಪುಸ್ತಕ. ಪುಟಕ್ಕೊಂದು ವೃತ್ತ, ಅದರ ತುಂಬ ಬಣ್ಣದ ಚುಕ್ಕೆ, ಚುಕ್ಕೆಗಳ ನಡುವೆ ಅಡಗಿದ ಒಂದು ಸಂಖ್ಯೆ. ಬಣ್ಣ ಕಾಣುವವರಿಗೆ ಅದು ಇದೆ, ನನಗಿಲ್ಲ. ಫೋನಿನಲ್ಲಿ ಎಲ್ಲ ಪುಟಗಳೂ ಸಿಗುತ್ತವೆ. ಯಾವ ಪುಟದಲ್ಲಿ ಯಾವ ಸಂಖ್ಯೆ ಎಂದು ಬಾಯಿಪಾಠ ಮಾಡಿದರೆ ಮುಗಿಯಿತು. ಉತ್ತರಗಳ ಪಟ್ಟಿಯೂ ಇದೆ, ಆದರೆ ಒಂದೊಂದು ಕಡೆ ಒಂದೊಂದು ಕ್ರಮ. ಓದಿ ಹೇಳಲು ಕಣ್ಣಿರುವವರು ಬೇಕು.

ಹೆಂಡತಿ ಸೂಟ್‌ಕೇಸ್ ನೋಡಲು ಹೋಗಿದ್ದಳು. ಮಗಳನ್ನು ಕರೆದೆ. "ಒಂದು ಆಟ ಆಡೋಣ ಬಾ. ಇದರಲ್ಲಿ ಎಷ್ಟು ಕಾಣುತ್ತೆ ಹೇಳು."

ಮೂರು ಪುಟ ಪಟಪಟ ಹೇಳಿದಳು. ನಾಲ್ಕನೆಯದಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಪ್ಪಾ, ಇದರಲ್ಲಿ ಆಟ ಏನಿದೆ? ಎದ್ದು ಕಾಣ್ತಾ ಇದೆಯಲ್ಲ." ಫೋನನ್ನು ನನ್ನತ್ತ ತಿರುಗಿಸಿ, "ನಿಂಗೆ ಕಾಣಲ್ವಾ?"

ಲಾಯರಮ್ಮನ ಮುಂದೆ ಸುಳ್ಳು ನಿಲ್ಲುವುದಿಲ್ಲ. ಎಲ್ಲ ಹೇಳಿದೆ. ಅಮ್ಮನಿಗೆ ಹೇಳಬಾರದು ಎಂದೆ. ಒಪ್ಪಿಕೊಂಡಳು, ಅದೂ ಇಷ್ಟು ಬೇಗ. ಹನ್ನೊಂದು ವರ್ಷದವಳ ಬಾಯಿಗೆ ಬೀಗ ಹಾಕಿಸಿದ ಅಪ್ಪ ನಾನು.

ಮಾರ್ಚ್ 27, ಸಂಜೆ 6

ದಿನಕ್ಕೆ ಐದು ಪುಟ. ಡಾಕ್ಟರು ಪುಟ ಹಿಂದುಮುಂದು ಮಾಡಿದರೂ ಗೊತ್ತಾಗಬೇಕು, ಹಾಗಾಗಿ ಪ್ರತಿ ಪುಟಕ್ಕೂ ಗುರುತು ಕಂಡುಹಿಡಿದಿದ್ದೇನೆ. ಮೇಲೆ ಎಡಗಡೆ ಎರಡು ದೊಡ್ಡ ಚುಕ್ಕೆ ಅಂಟಿಕೊಂಡಿದ್ದರೆ ಇಪ್ಪತ್ತೊಂಬತ್ತು. ಅಂಚಿನಲ್ಲಿ ಸಣ್ಣ ಚುಕ್ಕೆ ಮೂರು ಸಾಲಾಗಿದ್ದರೆ ಐದು. ಮಗಳು ಗುರುತು ಹಿಡಿದು ಪ್ರಶ್ನೆ ಕೇಳುತ್ತಾಳೆ, ನಾನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತೇನೆ. ತಪ್ಪಾದರೆ ನನ್ನ ಮಣಿಕಟ್ಟಿಗೆ ಸ್ಕೇಲಿನಿಂದ ಒಂದು. ಖುಷಿ ಪಡುತ್ತಾಳೆ.

ಅಡುಗೆಮನೆಯಿಂದ ಹೆಂಡತಿ, "ಅಪ್ಪ ಮಗಳದ್ದು ಏನ್ ಗುಸುಗುಸು?" ಅಂದಳು.

"ಲೆಕ್ಕ ಅಮ್ಮಾ" ಅಂತ ಮಗಳು. ಕಣ್ಣು ಸಹ ಮಿಟುಕಿಸಲಿಲ್ಲ. ನೋಡಿ ಭಯವಾಯಿತು.

ಮಾರ್ಚ್ 30, ಮಧ್ಯಾಹ್ನ 2.20

ಕಟ್ಟಡದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಮೀಸೆಯಣ್ಣನಿಗೆ ಜ್ವರ, ರಜೆ. ನಾಲ್ಕು ಮಹಡಿಯ ಹಳೆಯ ಕಟ್ಟಡ. ಬಾಗಿಲ ಬೀಗದ ವೈರು ಹೊಸದು ಹಾಕಬೇಕಿತ್ತು. ನಾಳೆ ಮಾಡೋಣ ಅನ್ನಬಹುದಿತ್ತು. ಅನ್ನಲಿಲ್ಲ. ಹೇಗೂ ಹೊರದೇಶದಲ್ಲಿ ಒಬ್ಬನೇ ಮಾಡಬೇಕಲ್ಲ ಎಂಬ ಹುಂಬತನ. ಎರಡು ವೈರು ಬೆಳಕಿಗೆ ಹಿಡಿದೆ. ಒಂದು ಸ್ವಲ್ಪ ಕಪ್ಪು ಅನ್ನಿಸಿತು — ಕಂದು ಇದೇ ಇರಬೇಕು ಅಂದುಕೊಂಡೆ. ನಂಬರ್ ಬರೆದೆ, ಅಂಟಿಸಿದೆ. ಅಚ್ಚುಕಟ್ಟಾಗಿ.

ಬಾಗಿಲು ತೆರೆದಿದ್ದರೆ ಲಿಫ್ಟ್ ಅಲ್ಲಾಡಬಾರದು. ಅದನ್ನು ನೋಡಲೆಂದೇ ಟೂಲ್‌ಬಾಕ್ಸನ್ನು ಹೊಸ್ತಿಲ ಮೇಲೆ ಇಟ್ಟೆ, ಅರ್ಧ ಒಳಗೆ, ಅರ್ಧ ಹೊರಗೆ. ನಾಲ್ಕನೇ ಮಹಡಿಯ ಟೀಚರಮ್ಮ ಕೈಚೀಲ ಹಿಡಿದು ಬಂದು ಪಕ್ಕದಲ್ಲಿ ನಿಂತರು. "ಆಯ್ತಾಪ್ಪಾ? ಹತ್ತಬಹುದಾ?" ಒಂದು ಕಾಲು ಆಗಲೇ ಮುಂದಿಟ್ಟಿದ್ದರು.

"ಎರಡು ನಿಮಿಷ ಟೀಚರ್" ಅಂದು ಗುಂಡಿ ಒತ್ತಿದೆ.

ಲಿಫ್ಟ್ ಹೊರಟುಬಿಟ್ಟಿತು. ಬಾಗಿಲು ಬಾಯಿ ತೆರೆದಂತೇ ಇತ್ತು, ನೆಲ ಕೆಳಗಿಳಿಯಿತು. ಟೂಲ್‌ಬಾಕ್ಸ್ ವಾಲಿ, ಸಿಕ್ಕಿಕೊಂಡು, ಅಪ್ಪಚ್ಚಿಯಾಯಿತು. ಆ ಸದ್ದು. ಟೀಚರಮ್ಮ ಮುಂದಿಟ್ಟ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಮೆಟ್ಟಿಲಲ್ಲಿ ಇಳಿದು ಹೋದರು.

ಲಿಫ್ಟ್ ಬಂದ್ ಮಾಡಿ ಬೋರ್ಡ್ ಹಾಕಿದ್ದೇನೆ. ಮೀಸೆಯಣ್ಣ ಬರುವವರೆಗೆ ಮುಟ್ಟುವುದಿಲ್ಲ. ಈ ಡೈರಿ ಬಾಕ್ಸಿನೊಳಗೇ ಇತ್ತು. ಮೂಲೆ ಮಡಚಿಕೊಂಡಿದೆ.

ಏಪ್ರಿಲ್ 6, ಸಂಜೆ

ಒಂದು ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ಆ ಕಾಲು ಬಿಟ್ಟರೆ. ಕಣ್ಣು ಮುಚ್ಚಿದರೆ ಅದೇ, ಮುಂದಕ್ಕೆ ಬಂದು ಹಿಂದಕ್ಕೆ ಹೋಗುವ ಕಾಲು.

ಮೀಸೆಯಣ್ಣ ಬಂದು ಎರಡೂ ವೈರು ನೋಡಿದ. ಬಿಚ್ಚಿ ಅದಲುಬದಲು ಮಾಡಿದ. ಬೈಯುತ್ತಾನೆ ಅಂದುಕೊಂಡಿದ್ದೆ. "ಇನ್ಮೇಲೆ ನಾನಿಲ್ಲದಾಗ ಮುಟ್ಬೇಡ" ಅಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಪುಟಗಳೆಲ್ಲ ಬಾಯಿಗೆ ಬಂದಿವೆ. ಯಾವ ಮೂಲೆಯಿಂದ ಕೇಳಿದರೂ ಹೇಳುತ್ತೇನೆ. ಮನೆಯಲ್ಲಿ ಅರ್ಧ ಸಾಮಾನು ಡಬ್ಬದೊಳಗೆ. ಗೋಡೆಯ ಮೇಲೆ ಫೋಟೋ ತೆಗೆದ ಜಾಗದಲ್ಲಿ ಬಿಳಿ ಚೌಕ. ಹಿಂದೆ ಹೋಗಲು ದಾರಿಯೇ ಇಲ್ಲದಂತೆ ನಾನೇ ಮಾಡಿಕೊಂಡಿದ್ದೇನೆ. ಪಾಸಾಗುವುದೊಂದೇ ಈಗ ಉಳಿದಿರುವುದು. ಪಾಸಾದರೆ ಅಲ್ಲಿ ಮೂವತ್ತು, ನಲವತ್ತು ಮಹಡಿಯ ಕಟ್ಟಡಗಳು.

ಏಪ್ರಿಲ್ 8, ಬೆಳಿಗ್ಗೆ 7.40

ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಮಗಳು ಯೂನಿಫಾರ್ಮ್ ಹಾಕಿಕೊಂಡು ಬಂದು ಎದುರಿಗೆ ನಿಂತಳು. ಶೂ ಲೇಸ್ ಕಟ್ಟಿರಲಿಲ್ಲ.

"ಅಪ್ಪಾ, ಹನ್ನೊಂದನೇ ಪುಟ, ಹದಿನಾಲ್ಕನೇ ಪುಟ, ಇನ್ನೂ ಎರಡು... ನಾನು ಬೇಕಂತಾನೇ ತಪ್ಪು ಹೇಳ್ಕೊಟ್ಟಿದ್ದೀನಿ."

"ಯಾಕೆ?"

"ನೀನು ಫೇಲಾದ್ರೆ ಹೋಗೋದು ತಪ್ಪುತ್ತೆ ಅಂತ."

ಸಿಟ್ಟು ನೆತ್ತಿಗೇರಿತು. ಎರಡು ವಾರದಿಂದ ಸ್ಕೇಲು ಹಿಡಿದು, ತಪ್ಪನ್ನೇ ಸರಿ ಎಂದು ಒಪ್ಪಿಸಿಕೊಂಡಿದ್ದಾಳೆ. ಅವಳು ಅಳುತ್ತಿದ್ದಳು, ಸದ್ದಿಲ್ಲದೆ, ಅಮ್ಮನಿಗೆ ಕೇಳಬಾರದಲ್ಲ. "ಈಗ ಸರಿಯಾದ್ದು ಹೇಳ್ಲಾ? ಇನ್ನೂ ಟೈಮಿದೆ" ಅಂದಳು. ಫೋನು ತೆಗೆದು ನಾಲ್ಕೂ ಪುಟ ತೋರಿಸಿ ಹೊಸ ಸಂಖ್ಯೆ ಹೇಳಿದಳು.

ನಾಲ್ಕೂ ಪುಟ ದಿಟ್ಟಿಸಿದೆ. ಬರೀ ಚುಕ್ಕೆ. ಮೊದಲು ಹೇಳಿದ್ದು ಸುಳ್ಳೋ, ಈಗ ಹೇಳಿದ್ದು ಸುಳ್ಳೋ, ನೋಡಿ ತಿಳಿದುಕೊಳ್ಳುವ ಶಕ್ತಿ ನನಗಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಹೀಗೆ ಮಾಡಬಹುದಾದರೆ, ಗುರುತಿಲ್ಲದ ಊರಿನಲ್ಲಿ ಯಾರೋ ಒಬ್ಬ ಅವಸರದಲ್ಲಿ ಒಂದು ಬಣ್ಣ ತಪ್ಪಿ ಕೂಗಿದರೆ? ನಾನು ಅದಕ್ಕೂ ಅಚ್ಚುಕಟ್ಟಾಗಿ ನಂಬರ್ ಅಂಟಿಸುತ್ತೇನೆ. ಟೀಚರಮ್ಮನಂಥವರು ಅದರ ಮೇಲೆ ಕಾಲಿಡುತ್ತಾರೆ.

ಲೇಸ್ ಕಟ್ಟಿ ಸ್ಕೂಲಿಗೆ ಕಳಿಸಿದೆ. ಬೈಯಲಿಲ್ಲ. "ಅಮ್ಮನ ಹತ್ರ ಸುಳ್ಳು ಹೇಳಿದ್ದು ಸಾಕು, ಇಬ್ರೂ ನಿಲ್ಲಿಸೋಣ" ಅಂದೆ.

ಅದೇ ದಿನ, 10.50, ಕ್ಲಿನಿಕ್

ಟೋಕನ್ 34. ಈಗ 31. ರಕ್ತ, ಎಕ್ಸ್‌ರೇ ಮುಗಿದವು, ಇನ್ನು ಕಣ್ಣು. ಹೆಂಡತಿ ಪಕ್ಕದಲ್ಲಿ ಫೈಲು ತಬ್ಬಿಕೊಂಡು ಕೂತಿದ್ದಾಳೆ. ನಾನು ಡ್ಯೂಟಿ ಲೆಕ್ಕ ಬರೆಯುತ್ತಿದ್ದೇನೆ ಅಂದುಕೊಂಡಿದ್ದಾಳೆ. ಮದುವೆಯಾದ ವರ್ಷ ನಾನು ತಂದುಕೊಟ್ಟ ಸ್ವೆಟರ್ ಹಾಕಿದ್ದಾಳೆ. ದಾರಿಯಲ್ಲಿ ಹೇಳಬೇಕೆಂದಿದ್ದೆ, ಬಸ್ಸಿನಲ್ಲಿ ಜನ. ಇಲ್ಲೂ ಜನ. ಜನ ಎಲ್ಲಿಲ್ಲ.

ನರ್ಸ್ ಬಂದು, "ಕಣ್ಣಿನ ರೂಮಿಗೆ ಹಸಿರು ಗೆರೆ ಹಿಡ್ಕೊಂಡು ಹೋಗಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದಳು. ನೆಲದ ಮೇಲೆ ಎರಡು ಗೆರೆ ಇವೆ. ಒಂದು ಎಡಕ್ಕೆ ತಿರುಗುತ್ತದೆ, ಒಂದು ಬಲಕ್ಕೆ. ಎರಡೂ ಒಂದೇ ಮಣ್ಣು.

11.05

ಹೆಂಡತಿಯನ್ನು ಕೇಳಿಯೇಬಿಟ್ಟೆ. "ಇದರಲ್ಲಿ ಹಸಿರು ಯಾವುದು?"

ಅವಳು ಗೆರೆ ನೋಡಲಿಲ್ಲ. ನನ್ನ ಕಾಲ್ಚೀಲ ನೋಡಿದಳು. ಆಮೇಲೆ ತನ್ನ ಸ್ವೆಟರಿನ ತೋಳು ನೋಡಿಕೊಂಡಳು.

"ಎಷ್ಟು ವರ್ಷದಿಂದ?"

"ಹುಟ್ಟಿದಾಗಿನಿಂದ."

"ಹಸಿರು ನಿಂಗೆ ಒಪ್ಪುತ್ತೆ ಅಂತ ಈ ಸ್ವೆಟರ್ ತಂದ್ರಲ್ಲ. ಕಂದು ಇದು. ಇಷ್ಟು ವರ್ಷ ಅದನ್ನ ನಿಮ್ಮ ತಮಾಷೆ ಅಂದ್ಕೊಂಡಿದ್ದೆ."

"ಮಗಳಿಗೆ ಗೊತ್ತಾ?" ಅಂದಳು. ಗೊತ್ತು ಅಂದೆ. "ಅಂದ್ರೆ ನಂಗೊಬ್ಬಳಿಗೇ ಗೊತ್ತಿಲ್ಲ." ಕೆಲಸ ಬಿಟ್ಟದ್ದರ ಬಗ್ಗೆ, ಮನೆಯ ಬಗ್ಗೆ ಒಂದು ಮಾತಿಲ್ಲ. ಅವು ಮನೆಗೆ ಹೋದ ಮೇಲೆ ಬರುತ್ತವೆ. ಬರಲಿ, ಬರಬೇಕು. ಚುಕ್ಕೆ, ಮಗಳು, ಟೀಚರಮ್ಮನ ಕಾಲು, ಎಲ್ಲ ಹೇಳಿದೆ. ಕಾಲಿನ ವಿಷಯ ಕೇಳಿ ಕಣ್ಣು ಮುಚ್ಚಿಕೊಂಡಳು.

34 ಕರೆದರು.

ಫೈಲು ತೆಗೆದುಕೊಂಡು ಎದ್ದಳು. "ಪುಸ್ತಕ ತೆರೆಯೋಕೆ ಮುಂಚೆ ನೀವೇ ಡಾಕ್ಟರಿಗೆ ಹೇಳ್ಬೇಕು. ನಾನು ಪಕ್ಕದಲ್ಲಿ ಇರ್ತೀನಿ." ಹೇಳಿ ಮುಂದೆ ಹೊರಟಳು. ಎಡಕ್ಕೆ ತಿರುಗಿ, ನಿಂತು, ನನಗಾಗಿ ಕಾಯುತ್ತಿದ್ದಾಳೆ.

ಬರೆದುಕೊಂಡು ಏಳುತ್ತೇನೆ. ಎಡ — ಹಸಿರು. ಬಲ — ಅವಳನ್ನೇ ಕೇಳಬೇಕು.