ನಾಲ್ಕರಿಂದ ಹತ್ತು ಅಡಿ

ಮಾರ್ಚ್ 4, ಸಂಜೆ

ಮೊದಲ ರೋಲ್ ತೊಳೆಸಿ ತಂದೆ. ಮೂವತ್ತಾರು ಫೋಟೋ. ಎಲ್ಲ ಮಸುಕು. ಅಕ್ಕ ಎಡಗೈಯಲ್ಲಿ ಒಂದೊಂದೇ ತಿರುವಿ ನೋಡಿದಳು. ಬಲಗೈ ಇನ್ನೂ ಪ್ಲಾಸ್ಟರಿನಲ್ಲಿದೆ.

"ಇದೇನೇ, ನೀರಲ್ಲಿ ಮುಳುಗಿ ತೆಗೆದಿದ್ದೀಯಾ?"

"ಅದು ಕೊಕ್ಕೆ ಕಣೇ."

"ಇದಾ? ನಾನು ಕಂಬ ಅಂದ್ಕೊಂಡೆ."

ನಕ್ಕೆವು. ಜಾಸ್ತಿ ಹೊತ್ತು ನಗಲಾಗಲಿಲ್ಲ.

ಎಲ್ಲ ಬರೆದಿಡುತ್ತೇನೆ, ನಾಳೆ ನನಗೇ ಮರೆತುಹೋಗಬಾರದು. ಕೊಕ್ಕೆ ನಮ್ಮ ಮೀನು ಪ್ಯಾಕಿಂಗ್ ಶೆಡ್ಡಿನ ಸೂಪರ್‌ವೈಸರ್. ಕ್ರೇಟ್ ಎಳೆಯುವ, ತುದಿ ಬಾಗಿದ ಕಬ್ಬಿಣ ಸದಾ ಕೈಯಲ್ಲಿ, ಅದಕ್ಕೇ ಆ ಹೆಸರು. ಅದರ ಹಿಡಿಯಿಂದಲೇ ಅಕ್ಕನ ಮಣಿಕಟ್ಟು ಮುರಿದ. ಕಂಪನಿ ಬರೆದದ್ದು: ಐಸ್ ಮೇಲೆ ಜಾರಿ ಬಿದ್ದಳು. ಲೇಬರ್ ಆಫೀಸಿನ ಮೇಡಂ ಕೇಳಿದ್ದು: ಸಾಕ್ಷಿ ಏನಿದೆ? ಫೋನ್ ಗೇಟಿನಲ್ಲೇ ಕಿತ್ತಿಡುತ್ತಾರೆ. ಹಾಗಾಗಿ ಈ ಹಳೇ ರೀಲ್ ಕ್ಯಾಮೆರಾ. ಸ್ಟುಡಿಯೋ ತಾತನ ಹತ್ತಿರ ಅಗ್ಗಕ್ಕೆ ಸಿಕ್ಕಿತು. ಊಟದ ಡಬ್ಬಿಯ ತಳದಲ್ಲಿ ಒಳಗೆ ಹೋಗುತ್ತದೆ.

ಮಾರ್ಚ್ 6

ತಾತ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು.

"ಕ್ಯಾಮೆರಾ ಎಲ್ಲಿಡ್ತೀಯಮ್ಮಾ?"

"ಐಸ್ ರೂಮಲ್ಲಿ. ಕ್ರೇಟ್ ಸಂದಿಯಲ್ಲಿ."

"ಅಲ್ಲಿಂದ ಸೀದಾ ಬೆಚ್ಚಗಿರೋ ಕಡೆ ತಂದ್ರೆ ಲೆನ್ಸ್ ಬೆವರುತ್ತೆ. ಮೈಗೆ ಹತ್ತಿರ ಇಟ್ಕೊ. ಇನ್ನು ಇವು... ತೀರಾ ಮುಖಕ್ಕೇ ಹಿಡಿದಿದ್ದೀಯ. ನಾಲ್ಕಡಿಗಿಂತ ಹತ್ತಿರ ಇದಕ್ಕೆ ಕಣ್ಣು ಕಾಣಲ್ಲ. ಉಳಿದಿದ್ದು ನಿನ್ನ ಕೈ ನಡುಕ."

ನಡುಗದೆ ಇರುತ್ತದೆಯೇ.

"ಫ್ಲ್ಯಾಶ್ ಯಾಕೆ ಆಫ್ ಮಾಡಿದ್ದೀಯ? ಬೆಳಕು ಕಮ್ಮಿ ಇದ್ದಷ್ಟೂ ಇದು ನಿಧಾನವಾಗಿ ಕಣ್ಣು ಮುಚ್ಚುತ್ತೆ."

"ಫ್ಲ್ಯಾಶ್ ಆಗಲ್ಲ ತಾತ."

ಒಂದು ಸಲ ನನ್ನ ಮುಖ ನೋಡಿದರು. ನೆಗೆಟಿವ್‌ಗಳನ್ನು ಕವರಿಗೆ ಹಾಕಿ ಕೊಟ್ಟರು.

ಮಾರ್ಚ್ 11

ಇವತ್ತು ಒಬ್ಬ ಲೋಡರ್. ಕ್ರೇಟ್ ಕೈಜಾರಿತು, ಅಷ್ಟೇ. ಕೊಕ್ಕೆ ಕಬ್ಬಿಣದ ಹಿಡಿಯನ್ನು ಅವನ ಬಾಯಿಗೇ ಗುದ್ದಿದ. ಬಿದ್ದವನ ತಲೆಯ ಮೇಲೆ ಬೂಟಿಟ್ಟು ಮುಖವನ್ನು ಐಸಿಗೆ ಒತ್ತಿದ. ಐಸ್ ಕೆಂಪಾಯಿತು. ಎರಡು ಹಲ್ಲು. ಲೋಡರ್ ತಾನೇ ಹುಡುಕಿ ಜೇಬಿಗೆ ಹಾಕಿಕೊಂಡ, ಮತ್ತೆ ಅಂಟಿಸಬಹುದು ಎನ್ನುವ ಹಾಗೆ.

ಕ್ರೇಟುಗಳ ಹಿಂದಿನಿಂದ ಮೂರು ತೆಗೆದೆ. ಮೊಣಕೈ ಊರಿ. ಉಸಿರು ಕಟ್ಟಿ.

ಮಾರ್ಚ್ 15

ಕ್ರೇಟು ಸ್ಪಷ್ಟ. ಗೋಡೆ ಸ್ಪಷ್ಟ. ಐಸ್ ಸ್ಪಷ್ಟ. ಕೊಕ್ಕೆ ಇರಬೇಕಾದ ಕಡೆ ಹೊಗೆ.

"ಅಲ್ಲಾಡದೆ ಇದ್ದಿದ್ದೆಲ್ಲ ಬಂದಿದೆ," ಎಂದರು ತಾತ. "ಅಲ್ಲಾಡಿದ್ದು ಬಂದಿಲ್ಲ."

ಹೊಡೆಯುವ ಕೈ ಅಲ್ಲಾಡದೆ ಇರುತ್ತದೆಯೇ? ಮೇಡಂಗೆ ತೋರಿಸಿದೆ. ಪಾಪ, ಕನ್ನಡಕ ತೆಗೆದು ಹಾಕಿ ನೋಡಿದರು. "ಮುಖ, ಕೈ ಎರಡೂ ಒಂದೇ ಫೋಟೋದಲ್ಲಿ ಕಾಣ್ಬೇಕಮ್ಮ. ಇದನ್ನಿಟ್ಕೊಂಡು ನಾನೇನು ಮಾಡ್ಲಿ?"

ಮಾರ್ಚ್ 20

ನಾಲ್ಕು ದಿನ ಬರೆದಿಲ್ಲ. ಬಲಗೈ ಎತ್ತಲಾಗುತ್ತಿರಲಿಲ್ಲ. ಹದಿನಾರರಂದು ಕ್ರೇಟ್ ಹಿಂದೆ ಕೊಕ್ಕೆಯ ಕೈಗೆ ಸಿಕ್ಕಿಬಿದ್ದೆ. ಕೆಲಸ ಕದಿಯುತ್ತಿದ್ದೇನೆ ಎಂದುಕೊಂಡ, ಪುಣ್ಯ. ಜುಟ್ಟು ಹಿಡಿದು ಗೋಡೆಗೆ ಬಡಿದ. ಪಕ್ಕೆಗೆ ಬೂಟು, ಮೂರು ಸಲ. ಸೊಂಟದಲ್ಲಿದ್ದ ಕ್ಯಾಮೆರಾ ಮೂಳೆಗೆ ಒತ್ತಿತು. ಕೂಗಲಿಲ್ಲ. ಮೀನು ಸೀಳುವ ಚಾಕು ಕೈಗೆಟಕುವಷ್ಟು ದೂರದಲ್ಲಿತ್ತು. ಅವನ ಕತ್ತು ಎಲ್ಲಿ ಮೆತ್ತಗಿದೆ ಎಂದು ನೋಡಿಟ್ಟುಕೊಂಡೆ.

ಅಕ್ಕನಿಗೆ ಹೇಳಿದೆ.

"ಸತ್ತೋದ್ರೆ ಎಲ್ಲರೂ ಅವನನ್ನ ಒಳ್ಳೆಯವನು ಅಂತಾರೆ," ಎಂದಳು. "ನೀನು ಜೈಲಲ್ಲಿ ಕೂತು ಕೇಳಿಸ್ಕೊಂಡಿರು."

ಮಾರ್ಚ್ 24

ಅಲ್ಲಾಡುವ ಕೈಯನ್ನು ಫ್ಲ್ಯಾಶ್ ಒಂದೇ ಹಿಡಿಯಬಲ್ಲದು, ಅದನ್ನು ಹಾಕಿ ಮನೆಯಲ್ಲೇ ಪರೀಕ್ಷೆ. ಅಕ್ಕ ಎಡಗೈಯಲ್ಲಿ ಪೊರಕೆ ಹಿಡಿದು ಬೀಸಿದಳು. "ಬಾರೋ ಕೊಕ್ಕೆ, ಬಾ!" ಎಂದು ಬೀಸಿದವಳು ನಿಲ್ಲಿಸಲೇ ಇಲ್ಲ. ಪೊರಕೆ ಬಿಚ್ಚಿಕೊಂಡು ಕಡ್ಡಿಗಳು ಮನೆಯೆಲ್ಲ ಚೆಲ್ಲಿದವು. ಆಮೇಲೆ ಅಲ್ಲೇ ಕೂತು ಅತ್ತಳು.

ಸಂಜೆ ತಾತ ಫೋಟೋ ತೊಳೆದು ಕೊಟ್ಟರು. ಗಾಳಿಯಲ್ಲಿ ನಿಂತ ಒಂದೊಂದು ಕಡ್ಡಿಯನ್ನೂ ಎಣಿಸಬಹುದು.

"ನಾಲ್ಕಡಿಯಿಂದ ಹತ್ತಡಿ ಒಳಗೆ ನಿಲ್ಲು," ಎಂದರು ತಾತ. "ಫ್ಲ್ಯಾಶ್‌ನ ಕೆಂಪು ಲೈಟ್ ಮಿನುಗೋದು ನಿಂತ ಮೇಲೆ ಒತ್ತು. ಒಂದು ಸಲ ಬೆಳಗುತ್ತೆ. ಇನ್ನೊಂದಕ್ಕೆ ಟೈಮ್ ಬೇಕು."

ಇನ್ನೊಂದಕ್ಕೆ ನನಗೆಲ್ಲಿ ಟೈಮ್.

ಮಾರ್ಚ್ 28

ನಾಲ್ಕು ದಿನದಿಂದ ಕೊಕ್ಕೆಗೆ ಒಳ್ಳೆಯ ಮೂಡು. ಹಾಡು ಗುನುಗುತ್ತಾನೆ. ನಾನು ಕಾಯುತ್ತಿದ್ದೇನೆ. ಯಾರಿಗಾದರೂ ಹೊಡೆಯಲಿ ಎಂದು... ಬರೆಯಲೂ ಅಸಹ್ಯ. ಆದರೆ ನಿಜ.

ತೂಕದಣ್ಣನಿಗೆ ಮಾತ್ರ ಹೇಳಿದೆ. ತಕ್ಕಡಿ ಹತ್ತಿರ ನಿಲ್ಲುವ ಮುದುಕ, ಹಿಂಬಾಗಿಲಿನ ಬೀಗದ ಕೈ ಅವನ ಹತ್ತಿರ. ಬಾಗಿಲು ತೆರೆದಿಡು ಎಂದೆ. ಮೀನು ತೂಗುತ್ತಲೇ ಇದ್ದ.

ಮಾರ್ಚ್ 31, ಮಧ್ಯಾಹ್ನ 3. ಸ್ಟುಡಿಯೋ ಹಿಂದಿನ ಕೋಣೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲ ಭುಜಕ್ಕೆ ಅಕ್ಕ ಬಟ್ಟೆ ಒತ್ತಿ ಹಿಡಿದಿದ್ದಾಳೆ. ತಾತ ಕತ್ತಲ ಕೋಣೆಯಲ್ಲಿ ಫಿಲ್ಮ್ ತೊಳೆಯುತ್ತಿದ್ದಾರೆ.

ಹನ್ನೊಂದಕ್ಕೆ ತೂಕದಣ್ಣ ನನ್ನ ಕಡೆ ನೋಡಿದ. ಆಮೇಲೆ ಕೊಕ್ಕೆ ಕಡೆ ತಿರುಗಿ, ಇಡೀ ಶೆಡ್ಡಿಗೆ ಕೇಳಿಸುವಂತೆ: "ಆ ಹೆಣ್ಮಗಳ ಕೈ ಮುರಿದವನು ನೀನೇ. ನಾನು ನೋಡಿದ್ದೀನಿ."

ಅಣ್ಣ ಬೇಕೆಂದೇ ಹೇಳಿದ. ನನಗಾಗಿ.

ಕಬ್ಬಿಣ ಮೇಲೆದ್ದಿತು. ಕ್ಯಾಮೆರಾ ತೆಗೆದು ಫ್ಲ್ಯಾಶ್ ಹಾಕಿ ಆರು ಹೆಜ್ಜೆ ಮುಂದೆ ಹೋದೆ. ಕೆಂಪು ಲೈಟ್ ಮಿನುಗುತ್ತಲೇ ಇತ್ತು. ಮೊದಲ ಏಟಿಗೆ ಅಣ್ಣನ ಕಿವಿ ಹರಿಯಿತು. ಇನ್ನೂ ಮಿನುಗುತ್ತಿತ್ತು. ಎರಡನೆಯದು ಎತ್ತಿದಾಗ ನಿಂತಿತು. ಒತ್ತಿದೆ. ಇಡೀ ಶೆಡ್ ಬೆಳ್ಳಗಾಯಿತು.

ಕೊಕ್ಕೆ ನನ್ನ ಕಡೆ ತಿರುಗಿದ. ಓಡಿದೆ. ಬಾಗಿಲು ತೆರೆದೇ ಇತ್ತು. ಹೊಸಿಲಿನಲ್ಲಿ ಕಬ್ಬಿಣ ಭುಜಕ್ಕೆ ಕಚ್ಚಿತು, ಮಾಂಸ ಹರಿದರೂ ಬಿಡಿಸಿಕೊಂಡೆ. ಹಿಂದೆ ಟ್ರಾಲಿ ಉರುಳಿದ ಸದ್ದು, ಅವನು ಬಿದ್ದು ಬೈದದ್ದು. ಯಾರು ಉರುಳಿಸಿದರೋ ಗೊತ್ತಿಲ್ಲ.

3.40

ತಾತ ಹೊರಗೆ ಬಂದರು. ಒದ್ದೆ ಫಿಲ್ಮ್ ಕಿಟಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಮುಖ ಇದೆ. ಕೈ ಇದೆ. ಕಬ್ಬಿಣ ಇದೆ." ಭೂತಗನ್ನಡಿ ಹತ್ತಿರ ಹಿಡಿದರು. "ಹಿಂದೆ ನಿಂತವರೂ ಇದ್ದಾರಮ್ಮ. ಎಲ್ಲರ ಕಣ್ಣೂ ತೆರೆದಿವೆ."

ಏಪ್ರಿಲ್ 2, ಬೆಳಿಗ್ಗೆ 7. ಗೇಟಿನ ಹೊರಗೆ

ಕೊಕ್ಕೆಯನ್ನು ನಿನ್ನೆ ಪೊಲೀಸರು ಒಯ್ದರು. ಮೇಡಂ ಫೋಟೋದ ಮೂರು ಪ್ರತಿ ಮಾಡಿಸಿದ್ದಾರೆ. ತೂಕದಣ್ಣ ಆಸ್ಪತ್ರೆಯಲ್ಲಿದ್ದಾನೆ, ಕಿವಿ ಉಳಿಯಲಿಲ್ಲ. ಜೀವ ಉಳಿದಿದೆ. ನನ್ನ ಭುಜಕ್ಕೆ ಹದಿನಾಲ್ಕು ಹೊಲಿಗೆ.

ಕಂಪನಿ ನನ್ನನ್ನು ಒಳಗೆ ಬಿಡಲಿಲ್ಲ. ಇಲ್ಲೇ ಕಟ್ಟೆ ಮೇಲೆ ಕೂತಿದ್ದೆ. ಐಸ್ ರೂಮಿನಲ್ಲಿ ಟ್ರೇ ಜೋಡಿಸುವವಳು ಒಳಗೆ ಹೋಗುತ್ತಿದ್ದವಳು ತಿರುಗಿ ಬಂದಳು. ನನ್ನ ಜೊತೆ ಮೂರು ವರ್ಷದಿಂದ ನಾಲ್ಕು ಮಾತೂ ಆಡಿದವಳಲ್ಲ.

"ನನ್ನ ಮುಖನೂ ಬಂದಿದೆಯಂತೆ?"

"ಬಂದಿದೆ."

"ಚೆನ್ನಾಗಿ ಕಾಣುತ್ತಾ?"

"ಚೆನ್ನಾಗೇ ಕಾಣುತ್ತೆ."

"ಹಾಗಾದ್ರೆ ನೋಡಿಲ್ಲ ಅನ್ನೋಕಾಗಲ್ಲ, ಬಿಡು." ಪಕ್ಕದಲ್ಲಿ ಕೂತಳು. ಗ್ಲೌಸ್ ಕಳಚಿದಳು. "ಪೆನ್ ಇದೆಯಾ? ಬರ್ಕೊ."

ಅವಳು ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಹೋದ ವರ್ಷ ಜೂನ್. ಶಿಫ್ಟ್ ಮುಗಿದಿತ್ತು. ಕೊಕ್ಕೆ ಐಸ್ ರೂಮಿಗೆ ಕರೆದ. ಮೊದಲು ಅವಳ ಬಾಯಿಗೆ ಗ್ಲೌಸ್ ತುರುಕಿದ. ಆಮೇಲೆ ಒಳಗಿನಿಂದ ಬಾಗಿಲು—